ಸಂಖ್ಯೆಯಿಂದ ಅಂಕಿ ಬಿಡಿಸುವ ದಾರಿಗಳು: 572101 ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ತುಮಕೂರಿನಲ್ಲಿ ಸಂಜೆ ಹೊತ್ತು ಡಿಪ್ಲೊಮಾ, ಬಿಸಿಎ ಓದುವ ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಮೊದಲ ತಿಂಗಳು ಮುಗಿಯುವುದರೊಳಗೆ ಒಂದು ಲೆಕ್ಕ ಬಂದೇ ಬರುತ್ತದೆ. ಒಂದು ಪೂರ್ಣಾಂಕ ಕೊಟ್ಟಿದೆ, ಅದರ ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯಿರಿ. ಅಂಕಿಗಳ ಮೊತ್ತ, ಪ್ಯಾಲಿಂಡ್ರೋಮ್ (ತಿರುಗಿಸಿ ಬರೆದರೂ ಅದೇ ಆಗಿರುವ ಸಂಖ್ಯೆ), ಆರ್ಮ್‌ಸ್ಟ್ರಾಂಗ್ ಸಂಖ್ಯೆ (ಅಂಕಿಗಳ ಘಾತಗಳನ್ನು ಕೂಡಿದರೆ ತಾನೇ ಬರುವ ಸಂಖ್ಯೆ), ಯಾವುದನ್ನೇ ತೆಗೆದುಕೊಳ್ಳಿ, ಒಳಗಿರುವುದು ಇದೇ ಕೆಲಸ. ಇಂಟರ್‌ವ್ಯೂಗಳಲ್ಲೂ ಇದನ್ನು ಕೇಳುತ್ತಾರೆ.

ಜಾಸ್ತಿ ಜನ ಒಂದೇ ದಾರಿಯನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಸೊನ್ನೆ ಕೊಟ್ಟಾಗ, ಮೈನಸ್ ಸಂಖ್ಯೆ ಕೊಟ್ಟಾಗ, ತುಂಬಾ ಉದ್ದದ ಸಂಖ್ಯೆ ಕೊಟ್ಟಾಗ ಆ ಪ್ರೋಗ್ರಾಂ ಮುಗ್ಗರಿಸುತ್ತದೆ. ಹಾಗಾಗಿ ಇಲ್ಲಿ ಎಲ್ಲ ದಾರಿಗಳನ್ನೂ ಒಂದೇ ಸಂಖ್ಯೆಯ ಮೇಲೆ ನಡೆಸಿ ನೋಡೋಣ. ಹೆಜ್ಜೆಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಸಿ, ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್, ನಿಮಗೆ ಯಾವುದು ಗೊತ್ತೋ ಅದಕ್ಕೆ ಇಳಿಸಿಕೊಳ್ಳಿ.

ನಾನು ಆರಿಸಿಕೊಂಡ ಸಂಖ್ಯೆ 572101. ನಮ್ಮ ತುಮಕೂರಿನ ಪಿನ್ ಕೋಡ್. ಈ ಪದ್ಧತಿ ದೇಶದಲ್ಲಿ ಶುರುವಾದದ್ದು 1972ರ ಆಗಸ್ಟ್ 15ರಂದು. ಇದರಲ್ಲಿ ಒಂದೊಂದು ಅಂಕಿಗೂ ಕೆಲಸ ಇದೆ. ಮೊದಲ 5 ಅಂದರೆ ಆಂಧ್ರ, ತೆಲಂಗಾಣ, ಕರ್ನಾಟಕದ ವಲಯ. 56ರಿಂದ 59ರವರೆಗೆ ಕರ್ನಾಟಕ. ಮೊದಲ ಮೂರು ಅಂಕಿ ಸೇರಿದರೆ ಅಂಚೆ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಕಿ ಕಾಗದ ಬಟವಾಡೆ ಮಾಡುವ ಅಂಚೆ ಕಚೇರಿ. ಜೊತೆಗೆ ನಡುವೆ ಒಂದು ಸೊನ್ನೆಯೂ ಇದೆ. ತಪ್ಪು ಪ್ರೋಗ್ರಾಂ ಸಿಕ್ಕಿಬೀಳುವುದು ಸೊನ್ನೆಯ ಹತ್ತಿರವೇ.

ಮೊದಲ ದಾರಿ: ಹತ್ತರಿಂದ ಭಾಗಿಸಿ ಶೇಷ ತೆಗೆಯುವುದು

ಇದನ್ನು ನಾನು ತರಗತಿಯಲ್ಲಿ ತೆಂಗಿನಕಾಯಿ ಹಿಡಿದು ಹೇಳಿಕೊಡುತ್ತೇನೆ. ತಿಪಟೂರು, ಗುಬ್ಬಿ ಕಡೆಯ ಮಕ್ಕಳಿಗೆ ಕಾಯಿ ಎಣಿಸುವುದು ಹೊಸದೇನಲ್ಲ.

ಅಂಗಳದಲ್ಲಿ 3427 ಕಾಯಿ ಬಿದ್ದಿವೆ ಅಂದುಕೊಳ್ಳಿ. ಹತ್ತು ಹತ್ತರ ಗುಡ್ಡೆ ಹಾಕಿ. 342 ಗುಡ್ಡೆ ಆಗುತ್ತವೆ, 7 ಕಾಯಿ ಮಿಕ್ಕುತ್ತವೆ. ಆ 7 ಬಿಡಿ ಸ್ಥಾನದ ಅಂಕಿ. ಈಗ ಬಿಡಿ ಕಾಯಿಗಳನ್ನು ಮರೆತುಬಿಡಿ, ಗುಡ್ಡೆಗಳನ್ನೇ ಎಣಿಸಿ. ಹತ್ತು ಗುಡ್ಡೆಗೆ ಒಂದು ಚೀಲದಂತೆ ತುಂಬಿ. 34 ಚೀಲ, 2 ಗುಡ್ಡೆ ಮಿಕ್ಕಿತು. ಆ 2 ಹತ್ತರ ಸ್ಥಾನದ್ದು. ಹತ್ತು ಚೀಲಕ್ಕೆ ಒಂದು ಗಾಡಿ ಅಂದರೆ 3 ಗಾಡಿ, ಮಿಕ್ಕಿದ್ದು 4 ಚೀಲ. ಕೊನೆಗೆ ಉಳಿದದ್ದು 3 ಗಾಡಿ. 7, 2, 4, 3. ಪ್ರತಿ ಸಲ ಮಿಕ್ಕಿದ್ದೇ ಅಂಕಿ, ಕಟ್ಟಿದ ಗುಡ್ಡೆಯೇ ಮುಂದಿನ ಸುತ್ತಿನ ಸಂಖ್ಯೆ.

ಕಂಪ್ಯೂಟರಿಗೆ ಹೇಳುವುದೂ ಇಷ್ಟೇ:

1. ಅಂಕಿ = ಸಂಖ್ಯೆ % 10 (% ಅಂದರೆ ಭಾಗಿಸಿದಾಗ ಮಿಕ್ಕುವ ಶೇಷ)
2. ಸಂಖ್ಯೆ = ಸಂಖ್ಯೆ / 10 (ದಶಮಾಂಶ ಭಾಗ ಬಿಟ್ಟು)
3. ಸಂಖ್ಯೆ ಸೊನ್ನೆ ಆಗುವವರೆಗೆ ಮತ್ತೆ 1ಕ್ಕೆ ಹೋಗು

572101 ಮೇಲೆ ಇದನ್ನು ಕೈಯಲ್ಲೇ ನಡೆಸಿ ನೋಡಿ:

572101 → ಶೇಷ 1, ಉಳಿದದ್ದು 57210
57210 → ಶೇಷ 0, ಉಳಿದದ್ದು 5721
5721 → ಶೇಷ 1, ಉಳಿದದ್ದು 572
572 → ಶೇಷ 2, ಉಳಿದದ್ದು 57
57 → ಶೇಷ 7, ಉಳಿದದ್ದು 5
5 → ಶೇಷ 5, ಉಳಿದದ್ದು 0

ಇಲ್ಲಿ ಎರಡು ವಿಷಯ ಗಮನಿಸಿ. ಅಂಕಿಗಳು ಹಿಂದುಮುಂದಾಗಿ ಬಂದವು: 1, 0, 1, 2, 7, 5. ಇನ್ನೊಂದು, ಕೊನೆಗೆ ಸಂಖ್ಯೆಯೇ ಉಳಿಯಲಿಲ್ಲ, ಸವೆದು ಸೊನ್ನೆಯಾಯಿತು. ಪ್ಯಾಲಿಂಡ್ರೋಮ್ ಪ್ರೋಗ್ರಾಂ ಬರೆಯುವಾಗ ಕೊನೆಯಲ್ಲಿ ಮೂಲ ಸಂಖ್ಯೆಯ ಜೊತೆ ಹೋಲಿಸಬೇಕಲ್ವಾ? ಹೋಲಿಸಲು ಹೋದರೆ ಅಲ್ಲಿ ಇರುವುದು 0. ಅದಕ್ಕೇ ಲೂಪ್, ಅಂದರೆ ಮತ್ತೆ ಮತ್ತೆ ನಡೆಯುವ ಈ ಹೆಜ್ಜೆಗಳ ಸುತ್ತು, ಶುರುವಾಗುವ ಮೊದಲೇ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ನಾನು ತಿದ್ದುವ ಲ್ಯಾಬ್ ರೆಕಾರ್ಡ್‌ಗಳಲ್ಲಿ ಅತಿ ಹೆಚ್ಚು ಸಿಗುವ ತಪ್ಪು ಇದು.

ಭಾಗಾಕಾರ ಒಂದೊಂದು ಭಾಷೆಯಲ್ಲಿ ಒಂದೊಂದು ತರ. ಸಿ ಮತ್ತು ಜಾವಾದಲ್ಲಿ ಎರಡೂ ಕಡೆ ಪೂರ್ಣಾಂಕ ಇದ್ದರೆ / ಹಾಕಿದರೆ ಸಾಕು. ಪೈಥಾನ್ 3ರಲ್ಲಿ ಎರಡು ಗೀಟು, ಅಂದರೆ // ಬೇಕು. ಒಂದೇ ಗೀಟು ಹಾಕಿದರೆ 57210.1 ಬರುತ್ತದೆ, ಅಲ್ಲಿಂದ ಮುಂದಿನ ಶೇಷಗಳೆಲ್ಲ ಕೆಡುತ್ತವೆ. ಪೈಥಾನ್‌ನಲ್ಲಿ ಭಾಗಲಬ್ಧ, ಶೇಷ ಎರಡನ್ನೂ ಒಟ್ಟಿಗೆ ಕೊಡುವ ಡಿವ್‌ಮಾಡ್ ಅನ್ನುವ ಫಂಕ್ಷನ್ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ ಭಾಗಿಸಿದ ಮೇಲೆ ದಶಮಾಂಶ ಭಾಗವನ್ನು ನೀವೇ ಕತ್ತರಿಸಬೇಕು. ಅದಕ್ಕೆ ಕೆಲವರು | 0 ಅನ್ನುವ ಅಡ್ಡದಾರಿ ಹಿಡಿಯುತ್ತಾರೆ. ಅದು ಸಂಖ್ಯೆಯನ್ನು 0, 1 ಇಡುವ ಮನೆಗಳು ಮೂವತ್ತೆರಡೇ ಇರುವ 32 ಬಿಟ್‌ಗೆ ಇಳಿಸಿಬಿಡುತ್ತದೆ. 2147483647 ದಾಟಿದ ಮೇಲೆ ಉತ್ತರ ತಪ್ಪು. ಮ್ಯಾಥ್ ಲೈಬ್ರರಿಯ ಟ್ರಂಕ್ ಬಳಸುವುದೇ ಒಳ್ಳೆಯದು.

ಸೊನ್ನೆ ಮತ್ತು ಮೈನಸ್

"ಸರ್, ಸೊನ್ನೆ ಕೊಟ್ರೆ ಏನೂ ಪ್ರಿಂಟ್ ಆಗ್ತಿಲ್ಲ" ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಸರಿಯಾದ ಪ್ರಶ್ನೆ. "ಸಂಖ್ಯೆ ಸೊನ್ನೆಗಿಂತ ದೊಡ್ಡದಿರುವವರೆಗೆ" ಅಂತ ವೈಲ್ ಲೂಪ್ ಬರೆದಿರುತ್ತೀರಿ. ಸಂಖ್ಯೆ ಮೊದಲೇ ಸೊನ್ನೆ, ಹಾಗಾಗಿ ಲೂಪಿನ ಒಳಕ್ಕೇ ಹೋಗುವುದಿಲ್ಲ. ಆದರೆ 0 ಅನ್ನುವುದು ಒಂದು ಅಂಕಿಯ ಸಂಖ್ಯೆ, ಅಂಕಿಯೇ ಇಲ್ಲದ ಸಂಖ್ಯೆ ಅಲ್ಲ. ಡೂ-ವೈಲ್ ಬಳಸಿ. ಅದು ಒಮ್ಮೆ ಮಾಡಿ ಆಮೇಲೆ ಪರೀಕ್ಷಿಸುತ್ತದೆ. ಪೈಥಾನ್‌ನಲ್ಲಿ ಡೂ-ವೈಲ್ ಇಲ್ಲ, ಸೊನ್ನೆಯನ್ನು ಮೊದಲೇ ಬೇರೆಯಾಗಿ ನೋಡಿಕೊಳ್ಳಿ.

ಮೈನಸ್ ಸಂಖ್ಯೆ ಇನ್ನೂ ಸೂಕ್ಷ್ಮ. -572 ಅನ್ನು 10ರಿಂದ ಭಾಗಿಸಿದರೆ ಶೇಷ ಎಷ್ಟು? ಸಿ, ಜಾವಾ, ಜಾವಾಸ್ಕ್ರಿಪ್ಟ್‌ಗಳಲ್ಲಿ -2. ಅಲ್ಲಿ ಭಾಗಲಬ್ಧವನ್ನು ಸೊನ್ನೆಯ ಕಡೆಗೆ ಕತ್ತರಿಸುತ್ತಾರೆ, ಹಾಗಾಗಿ ಭಾಗಲಬ್ಧ -57. ಪೈಥಾನ್ ಭಾಗಲಬ್ಧವನ್ನು ಯಾವಾಗಲೂ ಕೆಳಕ್ಕೆ ಇಳಿಸುತ್ತದೆ. ಅಲ್ಲಿ ಭಾಗಲಬ್ಧ -58, ಶೇಷ 8. -580ಕ್ಕೆ 8 ಸೇರಿಸಿದರೆ -572, ಲೆಕ್ಕ ಸರಿಯಾಗಿಯೇ ಇದೆ. ನಮಗೆ ಬೇಕಾದ ಅಂಕಿ ಮಾತ್ರ 2, ಸಿಕ್ಕಿದ್ದು 8.

ಇದನ್ನು ಮುಂದುವರಿಸಿ ನೋಡಿ. -58 ಆದಮೇಲೆ -6, ಅದರ ಮೇಲೆ -1. -1 ಅನ್ನು ಮತ್ತೆ ಭಾಗಿಸಿದರೆ -1 ಬರುತ್ತದೆ, ಶೇಷ 9. ಮತ್ತೆ -1, ಮತ್ತೆ 9. "ಸೊನ್ನೆ ಅಲ್ಲದಿರುವವರೆಗೆ" ಅಂತ ಬರೆದ ಲೂಪ್ ನಿಲ್ಲುವುದೇ ಇಲ್ಲ, ಪರದೆ ತುಂಬ 9 ಸುರಿಯುತ್ತದೆ.

ಪರಿಹಾರ ಸುಲಭ. ಮೊದಲು ಚಿಹ್ನೆಯನ್ನು ಬೇರೆ ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಸಂಖ್ಯೆಯ ನಿರಪೇಕ್ಷ ಬೆಲೆ ತೆಗೆದುಕೊಂಡು ಮುಂದೆ ಹೋಗಿ. ಪೈಥಾನ್‌ನಲ್ಲಿ ಇಷ್ಟು ಸಾಕು. ಸಿ ಮತ್ತು ಜಾವಾದಲ್ಲಿ ಒಂದು ಮೂಲೆ ಬಾಕಿ ಇದೆ. 32 ಬಿಟ್ ಪೂರ್ಣಾಂಕ -2147483648ರವರೆಗೆ ಇಳಿಯುತ್ತದೆ, ಆದರೆ ಮೇಲೆ ಹೋಗುವುದು 2147483647ರವರೆಗೆ ಮಾತ್ರ. ಆ ಕಟ್ಟಕಡೆಯ ಮೈನಸ್ ಸಂಖ್ಯೆಗೆ ಪ್ಲಸ್ ಜೋಡಿ ಇಲ್ಲ. ಜಾವಾದಲ್ಲಿ ಅದರ ನಿರಪೇಕ್ಷ ಬೆಲೆ ಕೇಳಿದರೆ ಅದೇ ಮೈನಸ್ ಸಂಖ್ಯೆ ವಾಪಸ್ ಬರುತ್ತದೆ. ಆದ್ದರಿಂದ ಈ ಎರಡು ಭಾಷೆಗಳಲ್ಲಿ ಇಡೀ ಸಂಖ್ಯೆಯ ಚಿಹ್ನೆ ತೆಗೆಯಬೇಡಿ, ಬಂದ ಒಂದೊಂದು ಅಂಕಿಯ ಚಿಹ್ನೆ ತೆಗೆಯಿರಿ. -8 ಅನ್ನು 8 ಮಾಡುವುದರಲ್ಲಿ ಯಾವ ಅಪಾಯವೂ ಇಲ್ಲ.

ಎಡದಿಂದ ಬಲಕ್ಕೆ ಬೇಕಾದರೆ

ಹಿಂದುಮುಂದಾದ ಅಂಕಿಗಳನ್ನು ಸರಿ ಮಾಡಲು ಮಕ್ಕಳಿಗೆ ಮೊದಲು ಹೊಳೆಯುವುದು ಸಂಖ್ಯೆಯನ್ನೇ ತಿರುಗಿಸಿ ಮತ್ತೊಮ್ಮೆ ಬಿಡಿಸುವುದು. ಇದು ಕೈಕೊಡುತ್ತದೆ. 5000 ತಿರುಗಿಸಿದರೆ 0005, ಅಂದರೆ ಬರೀ 5. ಮೂರು ಸೊನ್ನೆ ಮಾಯ.

ನನಗೆ ಇಷ್ಟವಾದದ್ದು ಅರೇಯನ್ನು (ಸಾಲಾಗಿ ಜೋಡಿಸಿದ ಮನೆಗಳನ್ನು) ಹಿಂದಿನಿಂದ ತುಂಬುವುದು. 32 ಬಿಟ್ ಸಂಖ್ಯೆಗೆ ಹೆಚ್ಚೆಂದರೆ 10 ಅಂಕಿ, ಚಿಹ್ನೆ ಇರುವ 64 ಬಿಟ್ ಸಂಖ್ಯೆಗೆ 19. ಅಷ್ಟು ಮನೆಗಳ ಅರೇ ಇಟ್ಟುಕೊಳ್ಳಿ, ಕೊನೆಯ ಮನೆಯಿಂದ ಶುರು ಮಾಡಿ, ಪ್ರತಿ ಶೇಷವನ್ನೂ ಇಡುತ್ತಾ ಮುಂದಕ್ಕೆ ಬನ್ನಿ. ಲೂಪ್ ಮುಗಿದಾಗ ನಿಂತ ಜಾಗದಿಂದ ಓದಿಕೊಂಡು ಹೋದರೆ 5, 7, 2, 1, 0, 1.

ರಿಕರ್ಷನ್ ಕಲಿತವರಿಗೆ ಇನ್ನೂ ಚಿಕ್ಕ ದಾರಿ ಇದೆ. ಫಂಕ್ಷನ್ ಮೊದಲು "ಸಂಖ್ಯೆ / 10" ಹಿಡಿದು ತನ್ನನ್ನೇ ಕರೆಯಲಿ, ಆಮೇಲೆ "ಸಂಖ್ಯೆ % 10" ಪ್ರಿಂಟ್ ಮಾಡಲಿ. ಸಂಖ್ಯೆ 10ಕ್ಕಿಂತ ಚಿಕ್ಕದಾದಾಗ ಕರೆ ನಿಲ್ಲಲಿ. ಈ ಎರಡು ಸಾಲುಗಳ ಜಾಗ ಅದಲುಬದಲು ಮಾಡಿದರೆ ಅಂಕಿಗಳ ಕ್ರಮ ತಿರುಗಿಬಿಡುತ್ತದೆ. ಎರಡೂ ತರ ಓಡಿಸಿ ನೋಡಿ, ರಿಕರ್ಷನ್ ಅರ್ಥವಾಗಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೂರನೆಯದು ಭಾಜಕವನ್ನೇ ಇಳಿಸುತ್ತಾ ಬರುವುದು:

1. ಭಾಜಕ = 1
2. ಸಂಖ್ಯೆ / ಭಾಜಕ 10 ಅಥವಾ ಜಾಸ್ತಿ ಇರುವವರೆಗೆ ಭಾಜಕವನ್ನು 10ರಿಂದ ಗುಣಿಸು
3. ಅಂಕಿ = ಸಂಖ್ಯೆ / ಭಾಜಕ
4. ಸಂಖ್ಯೆ = ಸಂಖ್ಯೆ % ಭಾಜಕ
5. ಭಾಜಕ = ಭಾಜಕ / 10
6. ಭಾಜಕ ಸೊನ್ನೆ ಆಗುವವರೆಗೆ 3ಕ್ಕೆ ಹೋಗು

572101ಕ್ಕೆ ಭಾಜಕ 100000ದಲ್ಲಿ ನಿಲ್ಲುತ್ತದೆ. 5 ಬಂತು, ಉಳಿದದ್ದು 72101. 7 ಬಂತು, ಉಳಿದದ್ದು 2101. ಹೀಗೇ ಇಳಿಯುತ್ತದೆ. ಆರನೇ ಹೆಜ್ಜೆಯನ್ನು ಮತ್ತೊಮ್ಮೆ ಓದಿ. ನಿಲ್ಲಿಸಬೇಕಾದದ್ದು ಭಾಜಕ ಸೊನ್ನೆಯಾದಾಗ, ಸಂಖ್ಯೆ ಸೊನ್ನೆಯಾದಾಗ ಅಲ್ಲ. ಸಂಖ್ಯೆಯನ್ನು ನೋಡಿ ನಿಲ್ಲಿಸಿದರೆ 5000ದಲ್ಲಿ 5 ಬಂದ ಕೂಡಲೇ ಆಟ ಮುಗಿಯುತ್ತದೆ.

ಒಂದೇ ಒಂದು ಅಂಕಿ ಸಾಕು ಅಂದರೆ

ಲೂಪ್ ಬೇಡವೇ ಬೇಡ. ಬಲದಿಂದ ನಾಲ್ಕನೇ ಅಂಕಿ ಬೇಕಾ? (572101 / 1000) % 10. ಅಂದರೆ 572 % 10, ಉತ್ತರ 2. ಹತ್ತರ ಘಾತಗಳನ್ನು ಒಂದು ಅರೇಯಲ್ಲಿ ಬರೆದಿಟ್ಟುಕೊಳ್ಳಿ: 1, 10, 100, 1000... ಘಾತ ಲೆಕ್ಕ ಹಾಕಲು ಪವ್ ಫಂಕ್ಷನ್ ಬಳಸಬೇಡಿ. ಸಿಯಲ್ಲಿ ಅದು ಕೊಡುವುದು ದಶಮಾಂಶ ಸಂಖ್ಯೆ. ಒಂದು ಕೂದಲೆಳೆ ಕಡಿಮೆ ಬಂದು ಪೂರ್ಣಾಂಕಕ್ಕೆ ಕತ್ತರಿಸಿದರೆ 100ರ ಬದಲು 99 ಕೂರುತ್ತದೆ.

ಲಾಗರಿದಮ್ ಹಿಡಿದು ಎಷ್ಟು ಅಂಕಿ ಇವೆ ಅಂತ ಎಣಿಸುವುದರಲ್ಲೂ ಇದೇ ತೊಂದರೆ. ಪೈಥಾನ್‌ನಲ್ಲಿ 10ರ ಆಧಾರ ಕೊಟ್ಟು 1000ದ ಲಾಗ್ ಕೇಳಿ ನೋಡಿ. 3 ಬರಬೇಕು, ಬರುವುದು 2.9999999999999996. ಕತ್ತರಿಸಿ 1 ಕೂಡಿಸಿದರೆ 1000ಕ್ಕೆ ಮೂರೇ ಅಂಕಿ ಅನ್ನುತ್ತದೆ! ನೇರವಾಗಿ 10ರ ಲಾಗ್ ಕೊಡುವ ಬೇರೆ ಫಂಕ್ಷನ್ ಅಲ್ಲೇ ಇದೆ, ಅದು 1000ಕ್ಕೆ ಸರಿಯಾಗಿ 3 ಕೊಡುತ್ತದೆ. ಆದರೂ ಅಂಕಿ ಎಣಿಸಲು ನಾನು ಲಾಗ್ ನಂಬುವುದಿಲ್ಲ, ಭಾಗಿಸಿ ಎಣಿಸುತ್ತೇನೆ.

ಎರಡನೇ ದೊಡ್ಡ ದಾರಿ: ಸ್ಟ್ರಿಂಗ್ ಮಾಡಿ ಅಕ್ಷರ ಅಕ್ಷರ ಓದುವುದು

ಸಂಖ್ಯೆಯನ್ನು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಮಾಡಿ. ಒಂದೊಂದು ಅಕ್ಷರವನ್ನೂ ತೆಗೆದು ಮತ್ತೆ ಅಂಕಿ ಮಾಡಿ. ಕ್ರಮ ತಾನಾಗೇ ಎಡದಿಂದ ಬಲಕ್ಕೆ, ಸೊನ್ನೆಗೆ ವಿಶೇಷ ಏರ್ಪಾಡು ಬೇಡ. ಮೈನಸ್ ಇದ್ದರೆ ಮೊದಲ ಅಕ್ಷರ '-' ಆಗಿರುತ್ತದೆ, ಅದನ್ನು ಬಿಟ್ಟು ಮುಂದೆ ಹೋಗಬೇಕು. ಪೈಥಾನ್‌ನಲ್ಲಿ ಇದೆಲ್ಲ ಒಂದೇ ಸಾಲು.

ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದ್ದು '5' ಅನ್ನುವ ಅಕ್ಷರ ಬೇರೆ, 5 ಅನ್ನುವ ಬೆಲೆ ಬೇರೆ ಅನ್ನುವುದು. ಅಕ್ಷರಗಳಿಗೆ ಸಂಖ್ಯೆ ಕೊಟ್ಟಿರುವ ಆಸ್ಕಿ ಪಟ್ಟಿಯಲ್ಲಿ '0'ಯ ಸಂಕೇತ 48, '9'ರದ್ದು 57. ಹಾಗಾಗಿ '5' ಒಳಗೆ 53 ಆಗಿ ಕೂತಿರುತ್ತದೆ. ಬೆಲೆ ಬೇಕಾದರೆ 48 ಕಳೆಯಿರಿ. ಸಿ ಮತ್ತು ಜಾವಾದಲ್ಲಿ ಅಕ್ಷರದಿಂದ '0' ಕಳೆಯುವುದು ಅಂತ ಬರೆಯುವುದು ಇದನ್ನೇ. ಕಳೆಯದೆ ಸುಮ್ನೆ ಕೂಡಿದರೆ ಅಂಕಿಗಳ ಮೊತ್ತ ನೂರಾರು ಬರುತ್ತದೆ.

ಸಿಯಲ್ಲಿ ಸಂಖ್ಯೆಯನ್ನು ಸ್ಟ್ರಿಂಗ್ ಮಾಡಲು ಸ್ಪ್ರಿಂಟ್‌ಎಫ್ ಬಳಸುವಾಗ ಜಾಗ ಲೆಕ್ಕ ಹಾಕಿ ಇಡಿ. -2147483648 ಬರೆಯಲು 11 ಅಕ್ಷರ, ಸ್ಟ್ರಿಂಗ್ ಮುಗಿಯಿತು ಅನ್ನುವ ಗುರುತಿಗೆ ಇನ್ನೊಂದು, ಒಟ್ಟು 12.

ಕನ್ನಡದವರಿಗೆ ಇದರಲ್ಲಿ ಒಂದು ವಿಶೇಷ ಇದೆ. ಯಾರಾದರೂ ಫಾರ್ಮ್‌ನಲ್ಲಿ ಪಿನ್ ಕೋಡನ್ನು ಕನ್ನಡ ಅಂಕಿಯಲ್ಲಿ, ೫೭೨೧೦೧ ಅಂತ ತುಂಬಿದರೆ? ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ೦ಯ ಸಂಕೇತ 3302, ೯ರದ್ದು 3311. ೫ ಅಂದರೆ 3307. ಅದರಿಂದ 48 ಕಳೆದರೆ 3259. ಐದು ಅಂತ ಬರೆದದ್ದು ಮೂರು ಸಾವಿರ ಚಿಲ್ಲರೆ ಆಯಿತು. ಪೈಥಾನ್‌ನ ಇಂಟ್ ಫಂಕ್ಷನ್‌ಗೆ ಕನ್ನಡ ಅಂಕಿ ಗೊತ್ತು, "೫೭೨೧೦೧" ಕೊಟ್ಟರೆ 572101 ಅಂತಲೇ ಓದಿಕೊಳ್ಳುತ್ತದೆ. ಜಾವಾದಲ್ಲೂ 48 ಕಳೆಯುವ ಬದಲು ಕ್ಯಾರೆಕ್ಟರ್ ಕ್ಲಾಸಿನ ಡಿಜಿಟ್ ಮೆಥಡ್ ಬಳಸಿದರೆ ಸರಿಯಾದ ಬೆಲೆ ಸಿಗುತ್ತದೆ. ನಮ್ಮ ಜನರಿಗಾಗಿ ಫಾರ್ಮ್ ಮಾಡುವವರು ಇದನ್ನು ದಯವಿಟ್ಟು ನೆನಪಿಡಿ.

ಅದು ಎಣಿಕೆಯೋ, ಗುರುತೋ?

ಯಾವ ದಾರಿ ಒಳ್ಳೆಯದು ಅಂತ ಕೇಳುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು. ನಾನಿದನ್ನು ಕಲಿತದ್ದು ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ.

ಅಲ್ಲಿನ ಬಟವಾಡೆ ಲೆಕ್ಕಕ್ಕೆ ಒಂದು ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಪ್ರತಿ ಸದಸ್ಯರಿಗೂ ನಾಲ್ಕು ಅಂಕಿಯ ಕೋಡ್. ಮೊದಲ ಎರಡು ಅಂಕಿ ಯಾವ ಹಟ್ಟಿ ಅಂತ, ಕೊನೆಯ ಎರಡು ಸದಸ್ಯರ ಕ್ರಮಸಂಖ್ಯೆ. ಕೋಡನ್ನು ಪೂರ್ಣಾಂಕವಾಗಿ ಇಟ್ಟಿದ್ದೆ. ಹಟ್ಟಿ ತಿಳಿಯಲು ಅದನ್ನು ಸ್ಟ್ರಿಂಗ್ ಮಾಡಿ ಮೊದಲ ಎರಡು ಅಕ್ಷರ ತೆಗೆಯುತ್ತಿದ್ದೆ. 1204 ಅಂದರೆ 12ನೇ ಹಟ್ಟಿ, ಸರಿ. ಆದರೆ 0312 ಒಳಗೆ ಹೋದಾಗ 312 ಆಯಿತು. ಮೊದಲ ಎರಡು ಅಕ್ಷರ 31. ಅಂಥ ಹಟ್ಟಿಯೇ ಇಲ್ಲ. ಬಟವಾಡೆಯ ದಿನ ಒಬ್ಬ ಅಜ್ಜಿ ಕಾರ್ಡ್ ಹಿಡಿದುಕೊಂಡು ಬಂದು, "ದಿನಾ ಎರಡು ಹೊತ್ತೂ ಹಾಲು ಹಾಕಿದೀನಿ ಕಣಪ್ಪ, ನನ್ನ ದುಡ್ಡೆಲ್ಲಿ?" ಅಂದರು. ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಅವತ್ತು ರಾತ್ರಿ ಕೂತು ಒಂದರಿಂದ ಒಂಬತ್ತನೇ ಹಟ್ಟಿಯವರೆಗಿನ ಎಲ್ಲ ಕೋಡ್‌ಗಳನ್ನೂ ಕೈಯಲ್ಲಿ ಸರಿ ಮಾಡಿದೆ.

ಹಾಲಿನ ಲೀಟರ್, ಕೊಬ್ಬರಿಯ ಕ್ವಿಂಟಲ್, ರೂಪಾಯಿ, ಇವು ಎಣಿಕೆ. ಕೂಡಬಹುದು, ಕಳೆಯಬಹುದು. ಸದಸ್ಯರ ಕೋಡ್, ಫೋನ್ ನಂಬರ್, ಆಧಾರ್, ಬ್ಯಾಂಕ್ ಖಾತೆ, ಇವು ಗುರುತು. ಎರಡು ಫೋನ್ ನಂಬರ್‌ಗಳನ್ನು ಯಾರೂ ಕೂಡುವುದಿಲ್ಲ, ಅಲ್ವಾ? ಗುರುತನ್ನು ಮೊದಲಿನಿಂದಲೇ ಸ್ಟ್ರಿಂಗ್ ಆಗಿ ಇಡಿ, ಸ್ಟ್ರಿಂಗ್ ಆಗಿಯೇ ಬಿಡಿಸಿ. ಎಣಿಕೆಯಾದರೆ ಭಾಗಿಸಿ ಬಿಡಿಸಿ. ಗುರುತು ಆಗಲೇ ಪೂರ್ಣಾಂಕವಾಗಿ ಸೇರಿಹೋಗಿದ್ದರೆ ಬಲದಿಂದ ಎಣಿಸಿ. 312 / 100 ಅಂದರೆ 3. ಎಡಗಡೆಯ ಸೊನ್ನೆ ಬಿದ್ದುಹೋದರೂ ಬಲದಿಂದ ಸ್ಥಾನ ಬದಲಾಗುವುದಿಲ್ಲ. ಈ ಒಂದು ಸಾಲು ಗೊತ್ತಿದ್ದಿದ್ದರೆ ಅಜ್ಜಿಯ ದುಡ್ಡು ಅವತ್ತೇ ಕೈಸೇರುತ್ತಿತ್ತು.

ಸಿಯಲ್ಲಿ ಕೋಡ್ ಬರೆಯುವಾಗ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಬರೆದರೆ ಇನ್ನೊಂದು ಎಡವಟ್ಟು. 0572 ಅಂದರೆ ಎಂಟರ ಆಧಾರದ ಸಂಖ್ಯೆ ಅಂತ ಅದು ತಿಳಿದುಕೊಳ್ಳುತ್ತದೆ, ಬೆಲೆ 378. ಎಕ್ಸೆಲ್‌ನಲ್ಲೂ ಹುಷಾರು. ಅದು 15 ಅಂಕಿಯವರೆಗೆ ಮಾತ್ರ ಸರಿಯಾಗಿ ಇಡುತ್ತದೆ. 16 ಅಂಕಿಯ ಡೆಬಿಟ್ ಕಾರ್ಡ್ ನಂಬರ್ ಟೈಪ್ ಮಾಡಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳಿಗೆ ಗಡಿ 9007199254740991. ಅದನ್ನು ದಾಟಿ 9999999999999999 ಬರೆದು ನೋಡಿ, 10000000000000000 ಅಂತ ತೋರಿಸುತ್ತದೆ. ಅಂಕಿ ಬಿಡಿಸುವ ಮೊದಲೇ ಅಂಕಿ ಬದಲಾಗಿರುತ್ತದೆ.

ವೇಗ

ಹತ್ತಿಪ್ಪತ್ತು ಸಂಖ್ಯೆಗಳಿಗೆ ವೇಗದ ಚಿಂತೆ ಬೇಡ. ಲಕ್ಷಾಂತರ ಇದ್ದರೆ, ಸಿಯಲ್ಲಿ ಭಾಗಿಸುವ ದಾರಿ ಚೆನ್ನಾಗಿ ಓಡುತ್ತದೆ. ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ಇಳಿಸುವ ಇಂದಿನ ಕಂಪೈಲರ್‌ಗಳು 10ರಿಂದ ಭಾಗಿಸುವುದನ್ನು ನಿಜವಾಗಿ ಭಾಗಿಸುವುದೇ ಇಲ್ಲ. ಚಿಹ್ನೆ ಇಲ್ಲದ 32 ಬಿಟ್ ಸಂಖ್ಯೆಯಾದರೆ ಅದನ್ನು 3435973837ರಿಂದ ಗುಣಿಸಿ 35 ಬಿಟ್ ಬಲಕ್ಕೆ ಸರಿಸುತ್ತವೆ. ಪ್ರೊಸೆಸರ್‌ಗೆ ಗುಣಾಕಾರ ಹಗುರ, ಭಾಗಾಕಾರ ಭಾರ. ಇನ್ನೂ ವೇಗ ಬೇಕಾದವರು 100ರಿಂದ ಭಾಗಿಸಿ ಒಮ್ಮೆಗೆ ಎರಡೆರಡು ಅಂಕಿ ತೆಗೆಯುತ್ತಾರೆ. ಪೈಥಾನ್‌ನಲ್ಲಿ ಸಾಮಾನ್ಯವಾಗಿ ಸ್ಟ್ರಿಂಗ್ ದಾರಿಯೇ ಮುಂದೆ, ಏಕೆಂದರೆ ಬದಲಿಸುವ ಕೆಲಸ ಒಳಗೆ ಸಿಯಲ್ಲಿ ನಡೆಯುತ್ತದೆ. ಆದರೆ ಪೈಥಾನ್ 3.11ರಿಂದ 4300ಕ್ಕಿಂತ ಜಾಸ್ತಿ ಅಂಕಿ ಇರುವ ಸಂಖ್ಯೆಯನ್ನು ಸ್ಟ್ರಿಂಗ್ ಮಾಡಲು ಹೋದರೆ ಎರರ್ ಬರುತ್ತದೆ. ಆ ಮಿತಿಯನ್ನು ಬದಲಾಯಿಸಿಕೊಳ್ಳಬಹುದು.

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದವರಿಗೆ ಒಂದು ಮಾತು. 8051 ಚಿಪ್‌ನ ಭಾಗಾಕಾರದ ಸೂಚನೆ ಭಾಗಲಬ್ಧ, ಶೇಷ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇಗೆ 255ರವರೆಗಿನ ಬೆಲೆ ತೋರಿಸಲು ಮೊದಲು 100ರಿಂದ, ಆಮೇಲೆ ಶೇಷವನ್ನು 10ರಿಂದ ಭಾಗಿಸಿದರೆ ಮುಗಿಯಿತು.

ಬರೆದದ್ದು ಸರಿಯಾಗಿದೆಯಾ, ನೋಡಿಕೊಳ್ಳಿ

ಮೊದಲು ಈ ಸಂಖ್ಯೆಗಳನ್ನು ಕೊಟ್ಟು ಓಡಿಸಿ: 0, 7, 10, 5000, 572101, -572, 2147483647, -2147483648. ಎಲ್ಲವೂ ದಾಟಿದರೆ ನಿಮ್ಮ ಫೋನ್ ತೆಗೆದುಕೊಳ್ಳಿ. *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಕಾಣುತ್ತದೆ. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ ರೂಪಿಸಿದ ಪರೀಕ್ಷೆಯನ್ನು ಇದು ಪಾಸು ಮಾಡಬೇಕು. ಬಲದಿಂದ ಶುರು ಮಾಡಿ, ಎರಡನೇ, ನಾಲ್ಕನೇ, ಆರನೇ ಹೀಗೆ ಒಂದು ಬಿಟ್ಟು ಒಂದು ಅಂಕಿಯನ್ನು ಎರಡರಿಂದ ಗುಣಿಸಿ. ಗುಣಿಸಿದ್ದು 9 ದಾಟಿದರೆ 9 ಕಳೆಯಿರಿ. ಎಲ್ಲವನ್ನೂ ಕೂಡಿ. ಮೊತ್ತ 10ರಿಂದ ಶೇಷವಿಲ್ಲದೆ ಭಾಗವಾಗಬೇಕು.

ಚಿಕ್ಕದಾಗಿ 572107ರ ಮೇಲೆ ನೋಡಿ: 7, 0, 1, 4, 7, 1. ಮೊತ್ತ 20, ಪಾಸು. ಕೊನೆಯ 7ರ ಜಾಗದಲ್ಲಿ 1 ಇಟ್ಟು 572101 ಮಾಡಿದರೆ ಮೊತ್ತ 14. ಪಿನ್ ಕೋಡ್‌ನಲ್ಲಿ ತಪ್ಪು ಹಿಡಿಯಲು ಸೇರಿಸುವ ಇಂಥ ತಾಳೆ ಅಂಕಿ ಇಲ್ಲ, ಹಾಗಾಗಿ ಅದು ಪಾಸಾಗಬೇಕಾಗಿಯೂ ಇಲ್ಲ.

ಐಎಂಇಐ ಒಂದು ಗುರುತು, ಸ್ಟ್ರಿಂಗ್ ಆಗಿಯೇ ಓದಿಕೊಳ್ಳಿ. ಆಮೇಲೆ ಅದನ್ನೇ 64 ಬಿಟ್ ಪೂರ್ಣಾಂಕ ಮಾಡಿ ಭಾಗಿಸುವ ದಾರಿಯಲ್ಲೂ ಓಡಿಸಿ. 32 ಬಿಟ್‌ನಲ್ಲಿ 15 ಅಂಕಿ ಹಿಡಿಯುವುದಿಲ್ಲ. ಈ ಪರೀಕ್ಷೆ ಬಲದಿಂದ ಎಡಕ್ಕೆ ಹೋಗುವುದರಿಂದ ಶೇಷದ ದಾರಿಗೆ ಹೇಳಿಮಾಡಿಸಿದಂತಿದೆ, ಅಂಕಿಗಳನ್ನು ತಿರುಗಿಸುವ ಕೆಲಸವೇ ಇಲ್ಲ. ಎಡಗಡೆ ಸೊನ್ನೆ ಬಿದ್ದುಹೋದರೂ ಮೊತ್ತ ಬದಲಾಗುವುದಿಲ್ಲ. ಎರಡೂ ದಾರಿಯ ಮೊತ್ತ ಒಂದೇ ಬರಬೇಕು. ಬೇರೆ ಬಂದರೆ ಸ್ಟ್ರಿಂಗ್ ಕಡೆ 48 ಕಳೆದಿದ್ದೀರಾ, ಪೂರ್ಣಾಂಕದ ಕಡೆ 64 ಬಿಟ್ ಇದೆಯಾ, ಈ ಎರಡನ್ನು ಮೊದಲು ನೋಡಿ.